ಸರ್ವರ್ ಬಿದ್ದಾಗ ಎಬ್ಬಿಸುವವರು: ಸಿಸ್ಟಂ ಅಡ್ಮಿನ್ ದೋಷ ಹುಡುಕುವುದು ಹೇಗೆ?

2024ರ ಜುಲೈ 19, ಶುಕ್ರವಾರ. ಭಾರತೀಯ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯು ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಸಣ್ಣ ಕಡತವನ್ನು ರವಾನಿಸಿತು. ಆ ಕಡತವನ್ನು ಓದಲು ಹೋದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ತಾವಾಗಿಯೇ ಮತ್ತೆ ಶುರುವಾದವು, ಅದೇ ಕಡತವನ್ನು ಓದಿ ಮತ್ತೆ ಕುಸಿದವು. ಕಂಪನಿಯು 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡಿತಾದರೂ ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳು ನೆಲಕಚ್ಚಿದ್ದವು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್‌ಇನ್ ವ್ಯವಸ್ಥೆ ಅಸ್ತವ್ಯಸ್ತವಾಯಿತು. ಕೆಲವೆಡೆ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಪೆನ್ನು ಹಿಡಿದು ಬರೆದುಕೊಟ್ಟರು.

ಇಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ ಇಂಥ ಅನುಭವ ನಮಗೆ ಹೊಸದೇನೂ ಅಲ್ಲ. ಪಡಿತರ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ, ನೋಂದಣಿ ಕಚೇರಿಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ನಿಂತವರೆಲ್ಲ ಎಂದಾದರೊಂದು ದಿನ ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ಬಿದ್ದದ್ದು ಏನು, ಅದನ್ನು ಎಬ್ಬಿಸುವವರು ಯಾರು, ಎಬ್ಬಿಸುವುದು ಹೇಗೆ ಎಂಬುದು ಆ ಮಾತಿನಲ್ಲಿ ಇರುವುದಿಲ್ಲ.

ಸರ್ವರ್ ಎಂದರೇನು, ಅಡ್ಮಿನ್ ಎಂದರೆ ಯಾರು?

ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸಲೆಂದೇ ಹಗಲಿರುಳು ಚಾಲೂ ಇರುವ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ದರ್ಶಿನಿ ಹೋಟೆಲೊಂದನ್ನು ನೆನಪಿಸಿಕೊಂಡರೆ ಅದರ ಒಳಗುಟ್ಟು ತಿಳಿಯುತ್ತದೆ. ಗಿರಾಕಿ ಹಣ ಕೊಟ್ಟು ಟೋಕನ್ ಪಡೆಯುತ್ತಾನೆ, ಕೌಂಟರಿನಲ್ಲಿ ಟೋಕನ್ ಕೊಡುತ್ತಾನೆ, ಒಳಗೆ ಅಡುಗೆಯವನು ದೋಸೆ ಹುಯ್ಯುತ್ತಾನೆ. ಹಿಂದೆ ಹಿಟ್ಟು ರುಬ್ಬುವವರಿದ್ದಾರೆ, ಉಗ್ರಾಣವಿದೆ, ಗ್ಯಾಸ್ ಸಿಲಿಂಡರ್ ಇದೆ. ದೋಸೆ ಬರದಿದ್ದರೆ ಗಿರಾಕಿಗೆ ಕಾಣುವುದು ‘ದೋಸೆ ಬರಲಿಲ್ಲ’ ಎಂಬ ಒಂದೇ ಸಂಗತಿ. ಟೋಕನ್ ಯಂತ್ರ ಕೆಟ್ಟಿರಬಹುದು, ಕೌಂಟರಿನಲ್ಲಿ ನೂಕುನುಗ್ಗಲಿರಬಹುದು, ಹಿಟ್ಟು ಮುಗಿದಿರಬಹುದು, ಗ್ಯಾಸ್ ಖಾಲಿಯಾಗಿರಬಹುದು. ‘ಸರ್ವರ್ ಡೌನ್’ ಎಂಬ ಮಾತೂ ಹೀಗೆಯೇ. ನಮ್ಮ ಫೋನು, ನಡುವಿನ ನೆಟ್‌ವರ್ಕ್, ಕೋರಿಕೆಯನ್ನು ಸ್ವೀಕರಿಸುವ ತಂತ್ರಾಂಶ, ಮಾಹಿತಿಯನ್ನು ಕೂಡಿಟ್ಟ ಡೇಟಾಬೇಸ್, ಅದನ್ನು ಹೊತ್ತ ಡಿಸ್ಕ್, ಎಲ್ಲಕ್ಕೂ ಬೇಕಾದ ವಿದ್ಯುತ್ತು: ಇವುಗಳಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕೇಳುವ ಮಾತು ಒಂದೇ.

ಈ ಇಡೀ ಸರಪಳಿಯನ್ನು ನಡೆಸಿಕೊಂಡು ಹೋಗುವವರೇ ಸಿಸ್ಟಂ ಅಡ್ಮಿನಿಸ್ಟ್ರೇಟರ್. ಕಚೇರಿಗಳ ಆಡುಮಾತಿನಲ್ಲಿ ಸಿಸ್ಟಂ ಅಡ್ಮಿನ್ ಅಥವಾ ಬರೀ ಅಡ್ಮಿನ್. ದೋಷದ ಮೂಲವನ್ನು ಹುಡುಕಿ ಸರಿಪಡಿಸುವ ಅವರ ಕೆಲಸಕ್ಕೆ ಟ್ರಬಲ್‌ಶೂಟಿಂಗ್ ಎಂದು ಹೆಸರು. ಕಂಪ್ಯೂಟರಿಗೆ ಬೆರಳಚ್ಚಿಸಿ ಕೊಡುವ ಆದೇಶಗಳಾದ ಕಮಾಂಡುಗಳನ್ನು ನೂರಾರು ಸಂಖ್ಯೆಯಲ್ಲಿ ಬಾಯಿಪಾಠ ಮಾಡಿಕೊಂಡವರೇ ಇದರಲ್ಲಿ ಗಟ್ಟಿಗರು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಕಮಾಂಡುಗಳು ಕೈಪಿಡಿಯಲ್ಲಿ ಸಿಗುತ್ತವೆ; ತನಗೆ ಗೊತ್ತಿದೆ ಎಂದು ತಾನು ನಂಬಿರುವುದನ್ನೇ ಅನುಮಾನಿಸಿ ಪರೀಕ್ಷಿಸುವ ಅಭ್ಯಾಸ ಅಲ್ಲಿ ಸಿಗುವುದಿಲ್ಲ. ಮುಂದೆ ಬರುವ ಪ್ರಸಂಗಗಳಲ್ಲಿ ಕೆಲಸ ಕೆಟ್ಟದ್ದೂ ಕೂಡಿದ್ದೂ ಹೆಚ್ಚಾಗಿ ಈ ಅಭ್ಯಾಸದ ದೆಸೆಯಿಂದಲೇ.

ದೂರನ್ನು ಕೇಳಿಸಿಕೊಳ್ಳುವ ಬಗೆ

‘ಇಮೇಲ್ ಕೆಲಸ ಮಾಡುತ್ತಿಲ್ಲ’ ಎಂಬುದು ದೂರು ಹೌದು, ಮಾಹಿತಿ ಅಲ್ಲ. ಊರಿನ ಹಳೆಯ ವೈದ್ಯರು ಹೊಟ್ಟೆನೋವು ಎಂದ ಕೂಡಲೇ ಮಾತ್ರೆ ಬರೆಯದೆ ಎಲ್ಲಿ ನೋವು, ಯಾವಾಗಿನಿಂದ, ನಿನ್ನೆ ಏನು ತಿಂದಿರಿ ಎಂದು ಕೇಳುವಂತೆ, ಅನುಭವಿ ಅಡ್ಮಿನ್ ಕೂಡ ಮೊದಲು ಪ್ರಶ್ನೆಗಳನ್ನು ಕೇಳುತ್ತಾರೆ. ತೊಂದರೆ ನಿಮಗೊಬ್ಬರಿಗೋ ಪಕ್ಕದವರಿಗೂ ಇದೆಯೋ? ಕಳಿಸಲಾಗುತ್ತಿಲ್ಲವೋ, ಬರುತ್ತಿಲ್ಲವೋ? ಪರದೆಯ ಮೇಲೆ ಬಂದ ಸಂದೇಶದಲ್ಲಿ ನಿಖರವಾಗಿ ಏನಿತ್ತು? ಎಲ್ಲಕ್ಕಿಂತ ಮುಖ್ಯವಾಗಿ, ನಿನ್ನೆ ಸರಿಯಿದ್ದದ್ದು ಇಂದು ಕೆಟ್ಟಿದೆ ಎಂದಾದರೆ ನಡುವೆ ಬದಲಾದದ್ದೇನು?

ಈ ವೃತ್ತಿಯವರ ನಡುವೆ ಮತ್ತೆ ಮತ್ತೆ ಹೇಳಲಾಗುವ ಒಂದು ಪ್ರಸಂಗ ಇಲ್ಲಿ ಉಚಿತವಾಗಿದೆ. 1990ರ ದಶಕದ ನಡುಭಾಗದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ವಿಶ್ವವಿದ್ಯಾಲಯವೊಂದರ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ತಮ್ಮ ಅಡ್ಮಿನ್‌ಗೆ ಕರೆ ಮಾಡಿ, 500 ಮೈಲಿಗಿಂತ ದೂರದ ಊರುಗಳಿಗೆ ತಮ್ಮ ವಿಭಾಗದ ಇಮೇಲ್ ಹೋಗುತ್ತಿಲ್ಲ ಎಂದು ದೂರಿತ್ತರು. ಇಮೇಲಿಗೂ ಮೈಲಿಗಲ್ಲಿಗೂ ಏನು ಸಂಬಂಧ ಎಂದು ನಕ್ಕು ಫೋನ್ ಇಡಬಹುದಾಗಿತ್ತು. ಆದರೆ ದೂರಿತ್ತವರು ಸಂಖ್ಯಾಶಾಸ್ತ್ರಜ್ಞರು. ಕೆಲವು ದಿನಗಳ ಅಂಕಿಅಂಶ ಕೂಡಿಸಿಕೊಂಡೇ ಮಾತಾಡಿದ್ದರು. ಅಡ್ಮಿನ್ ತಾವೇ ಹತ್ತಿರದ ಮತ್ತು ದೂರದ ಊರುಗಳಿಗೆ ಇಮೇಲ್ ಕಳಿಸಿ ನೋಡಿದಾಗ ದೂರು ಅಕ್ಷರಶಃ ನಿಜವಾಗಿತ್ತು.

ಬದಲಾದದ್ದೇನು ಎಂದು ಕೇಳಿದಾಗ ಗುಟ್ಟು ಹೊರಬಂತು. ಸರ್ವರಿನ ಕಾರ್ಯಾಚರಣಾ ವ್ಯವಸ್ಥೆಯನ್ನು ಯಾರೋ ಹೊಸದಕ್ಕೆ ಬದಲಿಸಿದ್ದರು. ಆ ಭರದಲ್ಲಿ ಇಮೇಲ್ ರವಾನಿಸುವ ತಂತ್ರಾಂಶ ಮಾತ್ರ ಹಳೆಯ ಆವೃತ್ತಿಗೆ ಹಿಂದೆ ಸರಿದಿತ್ತು. ಹೊಸ ಆವೃತ್ತಿಗೆಂದು ಬರೆದಿಟ್ಟ ಸೂಚನೆಗಳು ಹಳೆಯದಕ್ಕೆ ಅರ್ಥವಾಗದೆ, ‘ಆಚೆಯ ಸರ್ವರ್ ಉತ್ತರಿಸುವ ತನಕ ಇಷ್ಟು ಹೊತ್ತು ಕಾಯಬೇಕು’ ಎಂಬ ಸಂಖ್ಯೆ ಸೊನ್ನೆಯಾಗಿತ್ತು. ಆ ಯಂತ್ರದಲ್ಲಿ ಸೊನ್ನೆ ಎಂದರೆ ವಾಸ್ತವದಲ್ಲಿ 3 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯುವುದು ಎಂದಾಗುತ್ತಿತ್ತು. ಬೆಳಕು 3 ಮಿಲಿಸೆಕೆಂಡಿನಲ್ಲಿ ಸಾಗುವುದು ಸುಮಾರು 900 ಕಿಲೋಮೀಟರ್, ಅಂದರೆ 560 ಮೈಲಿಯ ಆಸುಪಾಸು. ಅದಕ್ಕಿಂತ ಆಚೆಯ ಊರಿನ ಸಂಪರ್ಕವು ಕೂಡಿಬರುವ ಮೊದಲೇ ಸರ್ವರ್ ಕೈಚೆಲ್ಲುತ್ತಿತ್ತು. ದೂರು ಅಸಂಬದ್ಧವಾಗಿ ಕೇಳಿಸಿದ್ದಕ್ಕೆ ಕಾರಣ ಕೇಳುವವರ ನಂಬಿಕೆಯಾಗಿತ್ತೇ ಹೊರತು ದೂರಲ್ಲ.

ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ

ಸರ್ವರಿನಲ್ಲಿ ಓಡುವ ತಂತ್ರಾಂಶವು ಸಾಮಾನ್ಯವಾಗಿ ತಾನು ಯಾವ ಹೊತ್ತಿಗೆ ಏನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಸಾಲುಸಾಲಾಗಿ ಬರೆದಿಡುತ್ತದೆ. ಈ ದಿನಚರಿಗೆ ಲಾಗ್ ಎನ್ನುತ್ತಾರೆ. ಪದ ಹಡಗಿನ ದಿನಚರಿಯಿಂದ ಬಂದದ್ದು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಕಂಪ್ಯೂಟರಿನ ರಿಲೇ ಎಂಬ ವಿದ್ಯುತ್ ಸ್ವಿಚ್ಚೊಂದರಲ್ಲಿ ಸಿಕ್ಕಿಬಿದ್ದ ಪತಂಗವನ್ನು ತಂತ್ರಜ್ಞರು ಲಾಗ್ ಪುಸ್ತಕದ ಪುಟಕ್ಕೇ ಅಂಟಿಸಿಟ್ಟರು. ದೋಷಕ್ಕೆ ‘ಬಗ್’ ಎಂಬ ಹೆಸರು ಅಂದೇ ಹುಟ್ಟಿತು ಎಂದು ಹೇಳುವುದುಂಟು, ಆದರೆ ಆ ಪದ ಅದಕ್ಕೂ ಹಿಂದಿನಿಂದ ಎಂಜಿನಿಯರುಗಳ ಮಾತಿನಲ್ಲಿತ್ತು. ಆ ತಂತ್ರಜ್ಞರು ಸಾಕ್ಷ್ಯವನ್ನು ಸಮಯದ ಸಮೇತ ಕಾಪಿಟ್ಟದ್ದೇ ಆ ಪುಟದಲ್ಲಿ ಗಮನಿಸಬೇಕಾದದ್ದು.

ಸಮಯವೆಂದೆ, ಲಾಗ್ ಓದುವಾಗ ಅನೇಕರು ಎಡವುವುದೇ ಅಲ್ಲಿ. ಹಲವು ಸರ್ವರುಗಳು ಭಾರತೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಪ್ರಮಾಣಿತ ಕಾಲದಲ್ಲಿ ಲಾಗ್ ಬರೆಯುತ್ತವೆ. ಈ ಲೇಖನದ ಆರಂಭದಲ್ಲಿ ಹೇಳಿದ 9 ಗಂಟೆ 39 ನಿಮಿಷವು ಕ್ರೌಡ್‌ಸ್ಟ್ರೈಕ್ ವರದಿಯಲ್ಲಿ 4 ಗಂಟೆ 9 ನಿಮಿಷ ಎಂದಿದೆ. ಎರಡು ಯಂತ್ರಗಳ ಲಾಗುಗಳನ್ನು ಎದುರುಬದುರು ಇಟ್ಟು ಓದುವವರು ಇದನ್ನು ಮರೆತರೆ ಪರಿಣಾಮವನ್ನೇ ಕಾರಣವೆಂದು ತಿಳಿಯುವ ಅಪಾಯವಿದೆ.

ನಂಬಿಕೆಯನ್ನು ಪರೀಕ್ಷಿಸುವುದು ಎಂದರೇನು ಎಂಬುದಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಿರುವ ಸರ್ವರುಗಳ ಒಂದು ಉದಾಹರಣೆ ಸಾಕು. ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂಬ ಸಂದೇಶ ಬರುತ್ತದೆ. ನೋಡಿದರೆ ಡಿಸ್ಕ್ ಅರ್ಧವೂ ತುಂಬಿಲ್ಲ. ಸಂದೇಶವೇ ತಪ್ಪು ಎಂದು ಹೊಸಬರು ತೀರ್ಮಾನಿಸುತ್ತಾರೆ. ಗ್ರಂಥಾಲಯದ ಕಪಾಟುಗಳಲ್ಲಿ ಬೇಕಾದಷ್ಟು ಜಾಗವಿದ್ದರೂ ಪುಸ್ತಕಗಳನ್ನು ನಮೂದಿಸುವ ಸೂಚಿ ಕಾರ್ಡುಗಳು ಮುಗಿದುಹೋದರೆ ಹೊಸ ಪುಸ್ತಕವನ್ನು ಸೇರಿಸಿಕೊಳ್ಳಲಾಗದು. ಡಿಸ್ಕಿನಲ್ಲೂ ಪ್ರತಿ ಕಡತಕ್ಕೆ ಐನೋಡ್ ಎಂಬ ಒಂದು ಕಾರ್ಡು ಬೇಕು, ಅನೇಕ ಬಗೆಯ ಡಿಸ್ಕ್ ವಿನ್ಯಾಸಗಳಲ್ಲಿ ಅವುಗಳ ಸಂಖ್ಯೆ ಮೊದಲೇ ನಿಗದಿಯಾಗಿರುತ್ತದೆ, ಮತ್ತು ಯಾವುದೋ ತಂತ್ರಾಂಶವು ಲಕ್ಷಗಟ್ಟಲೆ ಚಿಕ್ಕ ಕಡತಗಳನ್ನು ಸೃಷ್ಟಿಸಿದರೆ ಜಾಗ ಉಳಿದೂ ಕಾರ್ಡುಗಳು ಮುಗಿಯುತ್ತವೆ. ಸಂದೇಶ ನಿಜವನ್ನೇ ಹೇಳಿತ್ತು. ‘ಜಾಗ’ ಎಂದರೆ ಒಂದೇ ಬಗೆಯದು ಎಂಬ ಊಹೆ ತಪ್ಪಾಗಿತ್ತು.

ಹುಡುಕಾಟವನ್ನು ಅರ್ಧ ಮಾಡುತ್ತ ಹೋಗುವುದು

ಬೋರ್‌ವೆಲ್ಲಿನಿಂದ ತೋಟದ ಕೊನೆಗೆ ಹಾಕಿದ ಪೈಪಿನಲ್ಲಿ ನೀರು ಬರುತ್ತಿಲ್ಲ ಎನ್ನೋಣ. ಅನುಭವವಿದ್ದ ರೈತ ಮೊದಲ ಜೋಡಣೆಯಿಂದ ಒಂದೊಂದಾಗಿ ಬಿಚ್ಚುತ್ತ ಹೋಗುವುದಿಲ್ಲ. ನಟ್ಟನಡುವೆ ಬಿಚ್ಚಿ ನೋಡುತ್ತಾನೆ. ಅಲ್ಲಿ ನೀರಿದ್ದರೆ ದೋಷ ಮುಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಹಿಂದಿನ ಅರ್ಧದಲ್ಲಿ. ಉಳಿದ ಅರ್ಧಕ್ಕೂ ಇದೇ ಉಪಾಯ. ಈ ಕ್ರಮದಲ್ಲಿ 1000 ಜೋಡಣೆಗಳ ನಡುವೆ ಅಡಗಿದ ಒಂದು ದೋಷವನ್ನು ಹತ್ತೇ ಪರೀಕ್ಷೆಗಳಲ್ಲಿ ಹಿಡಿಯಬಹುದು.

ಸರ್ವರ್ ತೊಂದರೆಯಲ್ಲಿಯೂ ಹೀಗೆಯೇ. ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಎಂಬ ದೂರವಾಣಿ ಪುಸ್ತಕ ಸರಿಯಿದೆಯೇ? ವಿಳಾಸ ಸಿಕ್ಕಿದ ಮೇಲೆ ಅಲ್ಲಿಗೆ ದಾರಿ ಇದೆಯೇ? ಸರ್ವರ್ ಬಾಗಿಲು ತೆರೆಯುತ್ತಿದೆಯೇ? ಒಳಗಿನ ತಂತ್ರಾಂಶಕ್ಕೆ ಡೇಟಾಬೇಸ್ ಉತ್ತರಿಸುತ್ತಿದೆಯೇ? ನಡುವಿನ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಸರಪಳಿ ಅನುಮಾನದಿಂದ ಪಾರಾಗುತ್ತದೆ.

2021ರ ಅಕ್ಟೋಬರ್ 4ರ ರಾತ್ರಿ ಭಾರತದಲ್ಲಿ ವಾಟ್ಸ್‌ಆ್ಯಪ್, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಒಟ್ಟಿಗೆ ಸುಮಾರು ಆರು ಗಂಟೆ ಸ್ತಬ್ಧವಾದದ್ದು ಅನೇಕರಿಗೆ ನೆನಪಿರಬಹುದು. ಅಂದು ಸಂದೇಶಗಳನ್ನು ಹೊತ್ತ ಸರ್ವರುಗಳೇನೂ ಸುಟ್ಟುಹೋಗಿರಲಿಲ್ಲ. ವಾಡಿಕೆಯ ನಿರ್ವಹಣೆಯ ವೇಳೆ ನೀಡಿದ ಒಂದು ಕಮಾಂಡಿನಿಂದ ಕಂಪನಿಯ ದತ್ತಾಂಶ ಕೇಂದ್ರಗಳನ್ನು ಬೆಸೆಯುವ ಜಾಲ ಕಡಿದುಹೋಯಿತು; ಇಂಥ ಕಮಾಂಡುಗಳನ್ನು ತಡೆಯಬೇಕಿದ್ದ ತಂತ್ರಾಂಶದಲ್ಲೇ ದೋಷವಿತ್ತು. ಕೇಂದ್ರಗಳ ಸಂಪರ್ಕ ತಪ್ಪಿದ ಡಿಎನ್‌ಎಸ್ ಸರ್ವರುಗಳು, ಅವುಗಳಿಗೆ ಕಲಿಸಿದ್ದ ನಿಯಮದಂತೆ, ತಮ್ಮತ್ತ ಬರುವ ದಾರಿಯ ಪ್ರಕಟಣೆಯನ್ನು ಅಂತರಜಾಲದಿಂದ ತಾವೇ ಹಿಂಪಡೆದುಕೊಂಡವು. ಮನೆಗಳೆಲ್ಲ ನೆಟ್ಟಗಿದ್ದವು, ಊರಿಗೆ ಹೋಗುವ ದಾರಿಫಲಕಗಳು ಮಾಯವಾಗಿದ್ದವು. ಎಂಜಿನಿಯರುಗಳು ದೋಷ ಹುಡುಕಲು ಬಳಸುತ್ತಿದ್ದ ಸಲಕರಣೆಗಳೂ ಅದೇ ಜಾಲವನ್ನು ನಂಬಿದ್ದುದರಿಂದ, ಕೊನೆಗೆ ದತ್ತಾಂಶ ಕೇಂದ್ರಗಳಿಗೆ ಜನರನ್ನೇ ಕಳಿಸಬೇಕಾಯಿತು.

ರೀಸ್ಟಾರ್ಟ್ ಏಕೆ ಫಲಿಸುತ್ತದೆ, ಏನನ್ನು ಅಳಿಸುತ್ತದೆ

‘ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂಬ ಸಲಹೆ ಬರೀ ತಮಾಷೆಯಲ್ಲ. ದಿನಗಟ್ಟಲೆ ಓಡಿದ ತಂತ್ರಾಂಶವು ತಾನು ಬಳಸಿದ ನೆನಪನ್ನು, ಅಂದರೆ ಯಂತ್ರದ ತಾತ್ಕಾಲಿಕ ಮೆಮೊರಿಯನ್ನು, ಹಿಂದಿರುಗಿಸದೆ ಗುಡ್ಡೆ ಹಾಕಿಕೊಂಡಿರಬಹುದು, ಅಥವಾ ಎರಡು ಕೆಲಸಗಳು ಒಂದನ್ನೊಂದು ಕಾಯುತ್ತ ಸಿಲುಕಿಕೊಂಡಿರಬಹುದು. ರೀಸ್ಟಾರ್ಟ್ ಮಾಡಿದಾಗ ಯಂತ್ರವು ಗೊತ್ತಿರುವ ಶುದ್ಧ ಸ್ಥಿತಿಗೆ ಮರಳುತ್ತದೆ. ಆದರೆ ದೋಷ ಏಕೆ ಬಂತು ಎಂಬುದರ ಸುಳಿವು ಎಷ್ಟೋ ಸಲ ಆ ನೆನಪಿನಲ್ಲೇ ಇರುತ್ತದೆ, ಮತ್ತು ಅದೂ ಜೊತೆಯಲ್ಲೇ ತೊಳೆದುಹೋಗುತ್ತದೆ. ಆದ್ದರಿಂದ ಬಲ್ಲವರು ರೀಸ್ಟಾರ್ಟಿಗೆ ಮುನ್ನ ಎರಡು ನಿಮಿಷ ವಿನಿಯೋಗಿಸಿ ಆ ಕ್ಷಣದ ಸ್ಥಿತಿಯನ್ನು ಪ್ರತಿ ಮಾಡಿಕೊಳ್ಳುತ್ತಾರೆ. ಆಸ್ಪತ್ರೆಯ ಅಥವಾ ಬ್ಯಾಂಕಿನ ಸೇವೆ ನಿಂತಿರುವಾಗ ಮೂಲ ಕಾರಣ ಸಿಗುವ ತನಕ ಜನರನ್ನು ಕಾಯಿಸುವುದೂ ಸರಿಯಲ್ಲ. ಮೊದಲು ಬೆಂಕಿ ಆರಿಸಬೇಕು, ಕಿಡಿ ಎಲ್ಲಿಂದ ಬಂತೆಂದು ಆಮೇಲೆ ಹುಡುಕಬೇಕು. ಹುಡುಕುವುದನ್ನು ಮರೆತರೆ ಮುಂದಿನ ವಾರ ಅದೇ ಹೊತ್ತಿಗೆ ಫೋನ್ ಮತ್ತೆ ಬಡಿದುಕೊಳ್ಳುತ್ತದೆ.

ಒತ್ತಡದಲ್ಲಿ ಕೈ ತಡೆಯುವುದು ಇದಕ್ಕಿಂತ ಕಷ್ಟ. ಐದು ಕಡೆ ಒಟ್ಟಿಗೆ ಬದಲಾವಣೆ ಮಾಡಿದಾಗ ತೊಂದರೆ ನೀಗಿದರೆ ಯಾವುದರಿಂದ ನೀಗಿತೆಂದು ತಿಳಿಯುವುದಿಲ್ಲ, ಹೆಚ್ಚಿದರೆ ಯಾವುದರಿಂದ ಹೆಚ್ಚಿತೆಂದೂ ತಿಳಿಯುವುದಿಲ್ಲ. ಒಂದು ಬದಲಾವಣೆ ಮಾಡಿ, ಫಲ ನೋಡಿ, ಫಲಿಸದಿದ್ದರೆ ಅದನ್ನು ಹಿಂದಿನಂತೆ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗುವುದು ನಿಧಾನವಾಗಿ ಕಂಡರೂ ಬೇಗ ಮುಟ್ಟಿಸುವ ದಾರಿ.

ಬ್ಯಾಕಪ್: ಇದೆ ಎಂಬುದಕ್ಕೂ ಮರಳಿ ಸಿಗುತ್ತದೆ ಎಂಬುದಕ್ಕೂ ಇರುವ ದೂರ

2017ರ ಜನವರಿ 31ರ ರಾತ್ರಿ, ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಎಂಬ ಸೇವೆಯಲ್ಲಿ ಒಂದು ಡೇಟಾಬೇಸ್ ತೊಂದರೆ ಕಾಣಿಸಿತು. ಅಲ್ಲಿ ಮೂಲ ಡೇಟಾಬೇಸ್ ಒಂದು ಸರ್ವರಿನಲ್ಲಿ, ಅದರ ತದ್ರೂಪು ಇನ್ನೊಂದರಲ್ಲಿ ಇತ್ತು. ತದ್ರೂಪು ಹಿಂದೆ ಬಿದ್ದಿತ್ತು. ತಡರಾತ್ರಿಯ ತನಕ ದುಡಿದಿದ್ದ ಎಂಜಿನಿಯರ್ ಒಬ್ಬರು ತದ್ರೂಪನ್ನು ಅಳಿಸಿ ಹೊಸದಾಗಿ ಕಟ್ಟಲು ಹೊರಟರು. ಅಳಿಸುವ ಕಮಾಂಡನ್ನು ಅವರು ಕೊಟ್ಟದ್ದು ಮೂಲ ಸರ್ವರಿನಲ್ಲಿ. ಒಂದೆರಡು ಸೆಕೆಂಡುಗಳಲ್ಲಿ ತಪ್ಪು ಅರಿವಾಗಿ ನಿಲ್ಲಿಸಿದಾಗ, ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು 4.5 ಗಿಗಾಬೈಟ್.

ಮಾಹಿತಿಯ ಕಾಪು ಪ್ರತಿಯಾದ ಬ್ಯಾಕಪ್ ಇದೆಯಲ್ಲ ಎಂದು ನೋಡಲು ಹೋದಾಗ ನಿಜವಾದ ಆಘಾತ ಕಾದಿತ್ತು. ದಿನವೂ ಬ್ಯಾಕಪ್ ತೆಗೆಯಬೇಕಿದ್ದ ತಂತ್ರಾಂಶದ ಆವೃತ್ತಿಯು ಡೇಟಾಬೇಸಿನ ಆವೃತ್ತಿಗೆ ಹೊಂದದೆ ಪ್ರತಿ ಸಲವೂ ವಿಫಲವಾಗುತ್ತಿತ್ತು. ಬ್ಯಾಕಪ್ ಇಡುವ ಜಾಗದಲ್ಲಿ ಏನೂ ಇರಲಿಲ್ಲ. ವಿಫಲವಾದಾಗ ಎಚ್ಚರಿಸಬೇಕಿದ್ದ ಇಮೇಲುಗಳು ಸರಿಯಾದ ಸಹಿಯಿಲ್ಲದ ಕಾರಣ ಸ್ವೀಕರಿಸುವ ಸರ್ವರಿನಲ್ಲೇ ತಿರಸ್ಕೃತವಾಗುತ್ತಿದ್ದವು. ಡಿಸ್ಕಿನ ಛಾಯಾಪ್ರತಿ ತೆಗೆಯುವ ಇನ್ನೊಂದು ವ್ಯವಸ್ಥೆಯನ್ನು ಡೇಟಾಬೇಸ್ ಸರ್ವರುಗಳಿಗೆ ಚಾಲೂ ಮಾಡಿಯೇ ಇರಲಿಲ್ಲ. ಕಂಪನಿಯನ್ನು ಉಳಿಸಿದ್ದು ಆ ಎಂಜಿನಿಯರೇ ಬೇರೊಂದು ಪರೀಕ್ಷೆಗೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟ ಒಂದು ಪ್ರತಿ. ನಡುವಿನ ಆರು ಗಂಟೆಗಳ ಮಾಹಿತಿ ಮರಳಲಿಲ್ಲ. ಸುಮಾರು 5000 ಯೋಜನೆಗಳೂ 700 ಹೊಸ ಬಳಕೆದಾರರ ಖಾತೆಗಳೂ ಅದರಲ್ಲಿ ಸೇರಿದ್ದವು. ಕಂಪನಿಯು ಇದಾವುದನ್ನೂ ಮುಚ್ಚಿಡದೆ, ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು.

ಬ್ಯಾಕಪ್ ಇದೆ ಎಂಬುದು ಅಲ್ಲಿ ಎಲ್ಲರಿಗೂ ‘ಗೊತ್ತಿತ್ತು’. ಅದರಿಂದ ಮಾಹಿತಿಯನ್ನು ಮರಳಿ ಕಟ್ಟಿ ನೋಡಿದ್ದರೆ ಮಾತ್ರ ಇಲ್ಲ ಎಂದು ತಿಳಿಯುತ್ತಿತ್ತು. ನುರಿತ ಅಡ್ಮಿನ್‌ಗಳು ಆಗಾಗ ಖಾಲಿ ಯಂತ್ರವೊಂದರಲ್ಲಿ ಬ್ಯಾಕಪ್ಪಿನಿಂದ ಇಡೀ ವ್ಯವಸ್ಥೆಯನ್ನು ಎಬ್ಬಿಸಿ ನೋಡುವುದು ಇದಕ್ಕಾಗಿ. ಎಚ್ಚರಿಕೆಯ ಇಮೇಲ್ ಬಂದಿಲ್ಲವೆಂದರೆ ಎಲ್ಲವೂ ಸುಸೂತ್ರ ಎಂದು ಅವರು ತಿಳಿಯುವುದಿಲ್ಲ. ‘ಇಂದು ಬ್ಯಾಕಪ್ ಯಶಸ್ವಿಯಾಯಿತು’ ಎಂಬ ಸಂದೇಶ ಬಾರದಿದ್ದಾಗ ಕೂಗುವಂತೆ ವ್ಯವಸ್ಥೆ ಮಾಡುತ್ತಾರೆ.

ಯಾರ ತಪ್ಪು ಎಂಬ ಪ್ರಶ್ನೆ

ಗಿಟ್‌ಲ್ಯಾಬ್ ಘಟನೆಯಾಗಿ ತಿಂಗಳೊಳಗೆ, 2017ರ ಫೆಬ್ರುವರಿ 28ರಂದು, ಅಮೆಜಾನ್ ಕಂಪನಿಯ ಎಸ್3 ಎಂಬ ಸಂಗ್ರಹ ಸೇವೆಯಲ್ಲಿ ಬಿಲ್ಲಿಂಗ್ ವ್ಯವಸ್ಥೆಯ ನಿಧಾನಗತಿಗೆ ಕಾರಣ ಹುಡುಕುತ್ತಿದ್ದ ಸಿಬ್ಬಂದಿಯೊಬ್ಬರು ಕೆಲವೇ ಸರ್ವರುಗಳನ್ನು ತೆಗೆಯುವ ಕಮಾಂಡಿನಲ್ಲಿ ಒಂದು ಅಂಶವನ್ನು ತಪ್ಪಾಗಿ ನಮೂದಿಸಿದರು. ಉದ್ದೇಶಿಸಿದ್ದಕ್ಕಿಂತ ಬಹಳ ಹೆಚ್ಚು ಸರ್ವರುಗಳು ಹೊರಬಿದ್ದು, ಅಮೆರಿಕದ ವರ್ಜೀನಿಯಾ ವಲಯವನ್ನು ನೆಚ್ಚಿಕೊಂಡಿದ್ದ ಅಸಂಖ್ಯ ಜಾಲತಾಣಗಳು ನಾಲ್ಕು ಗಂಟೆಗೂ ಹೆಚ್ಚು ಕಾಲ ಕುಂಟಿದವು. ಸೇವೆಯ ಆರೋಗ್ಯವನ್ನು ತೋರಿಸುವ ಅಮೆಜಾನಿನ ಫಲಕವೂ ಎಸ್3ನ್ನೇ ಅವಲಂಬಿಸಿದ್ದರಿಂದ, ಬಹಳ ಹೊತ್ತು ಅದನ್ನು ಪರಿಷ್ಕರಿಸಲೂ ಆಗಲಿಲ್ಲ.

ಆಮೇಲೆ ಕಂಪನಿ ಪ್ರಕಟಿಸಿದ ವಿವರಣೆಯು ಬೆರಳಚ್ಚಿನ ತಪ್ಪನ್ನು ಹೇಳಿ ಮುಗಿಸಲಿಲ್ಲ. ಒಂದು ಕಮಾಂಡಿಗೆ ಅಷ್ಟೊಂದು ಸರ್ವರುಗಳನ್ನು ಅಷ್ಟು ಬೇಗ ತೆಗೆಯುವ ಅವಕಾಶ ಏಕಿತ್ತು ಎಂದು ಕೇಳಿಕೊಂಡು, ಸರ್ವರುಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆ ಮತ್ತು ಕನಿಷ್ಠ ಸಂಖ್ಯೆಗಿಂತ ಕೆಳಗೆ ಇಳಿಯದಂತೆ ಆ ಸಲಕರಣೆಯನ್ನೇ ಮಾರ್ಪಡಿಸಿತು. ಗಿಟ್‌ಲ್ಯಾಬ್ ಕೂಡ ತಾನು ಯಾವ ಸರ್ವರಿನಲ್ಲಿದ್ದೇನೆಂದು ಎಂಜಿನಿಯರಿಗೆ ಎದ್ದು ಕಾಣುವಂತೆ ಕಮಾಂಡ್ ಸಾಲನ್ನು ಬದಲಿಸುವ ಕೆಲಸ ಕೈಗೆತ್ತಿಕೊಂಡಿತು. ಇಂಥ ವಿಚಾರಣೆಗೆ ಈ ವೃತ್ತಿಯಲ್ಲಿ ಪೋಸ್ಟ್‌ಮಾರ್ಟಂ ಎಂದೇ ಹೆಸರು. ತಪ್ಪು ಮಾಡಿದವರನ್ನು ಮನೆಗೆ ಕಳಿಸಿದರೆ ಉಳಿದವರು ಕಲಿಯುವುದು ತಪ್ಪನ್ನು ಮುಚ್ಚಿಡುವುದನ್ನಷ್ಟೆ, ಮತ್ತು ಮುಚ್ಚಿಟ್ಟ ದೋಷವನ್ನು ಯಾರೂ ಹುಡುಕಲಾರರು.

ಕಾಣದ ಕೆಲಸ

ಇಲ್ಲಿಯ ತನಕ ಹೇಳಿದ್ದೆಲ್ಲ ಕೆಟ್ಟ ದಿನಗಳ ಕಥೆ. ಅಡ್ಮಿನ್‌ಗಳ ಹೆಚ್ಚಿನ ಹೊತ್ತು ಕಳೆಯುವುದು ಯಾರೂ ಗಮನಿಸದ ಕೆಲಸಗಳಲ್ಲಿ: ಡಿಸ್ಕ್ ತುಂಬುವ ಮೊದಲೇ ನೋಡುವುದು, ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿಯುವ ಮುನ್ನ ನವೀಕರಿಸುವುದು, ಹೊಸ ಆವೃತ್ತಿಗಳನ್ನು ಮೊದಲು ನಾಲ್ಕಾರು ಯಂತ್ರಗಳಲ್ಲಿ ಪರೀಕ್ಷಿಸಿ ಆಮೇಲೆ ಉಳಿದವಕ್ಕೆ ಹಬ್ಬಿಸುವುದು, ಮಾಡಿದ್ದನ್ನೆಲ್ಲ ತಾನು ರಜೆಯಲ್ಲಿರುವಾಗ ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆದಿಡುವುದು. ಇವೆಲ್ಲ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ, ಏನೂ ಆಗದ್ದಕ್ಕೆ ಶಹಬ್ಬಾಸ್ ಎನ್ನುವ ಪದ್ಧತಿ ಕಚೇರಿಗಳಲ್ಲಿ ಅಪರೂಪ.

2024ರ ಜುಲೈ 19ಕ್ಕೆ ಮರಳೋಣ. ಕ್ರೌಡ್‌ಸ್ಟ್ರೈಕ್ ದೋಷದ ಪರಿಹಾರ ಕೇಳಲು ಸರಳವಾಗಿತ್ತು: ಯಂತ್ರವನ್ನು ಸೇಫ್ ಮೋಡ್ ಎಂಬ ಕನಿಷ್ಠ ಸ್ಥಿತಿಯಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕು. ಕುಸಿಯುತ್ತಲೇ ಇದ್ದ ಯಂತ್ರಗಳನ್ನು ದೂರದಿಂದ ತಲುಪುವಂತಿರಲಿಲ್ಲವಾದ್ದರಿಂದ, ಬಹುತೇಕ ಕಡೆ ಇದನ್ನು ಒಂದೊಂದು ಯಂತ್ರದ ಮುಂದೆಯೂ ಕುಳಿತೇ ಮಾಡಬೇಕಿತ್ತು. ಜೊತೆಗೆ ಅನೇಕ ಕಂಪನಿಗಳ ಡಿಸ್ಕುಗಳು ಬಿಟ್‌ಲಾಕರ್ ಎಂಬ ಬೀಗದಲ್ಲಿದ್ದವು. ಅದನ್ನು ತೆರೆಯಲು ಪ್ರತಿ ಯಂತ್ರಕ್ಕೂ ಬೇರೆಯದೇ ಆದ 48 ಅಂಕಿಗಳ ಕೀಲಿಯನ್ನು ಒತ್ತಬೇಕು. ಆಸ್ಟ್ರೇಲಿಯಾದ ಲೆಕ್ಕಪರಿಶೋಧನಾ ಸಂಸ್ಥೆಯೊಂದರ ತಂತ್ರಜ್ಞರು ಇಷ್ಟು ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳುವಾಗ ತಪ್ಪುಗಳಾಗುವುದು ಖಚಿತವೆಂದು ಯೋಚಿಸುತ್ತಿದ್ದಾಗ, ಅಂಗಡಿಯ ಬಾರ್‌ಕೋಡ್ ಸ್ಕ್ಯಾನರ್ ಅವರ ನೆನಪಿಗೆ ಬಂತು. ಕಂಪ್ಯೂಟರಿನ ಮಟ್ಟಿಗೆ ಅಂಥ ಸ್ಕ್ಯಾನರ್ ಎಂದರೆ ಬಹಳ ವೇಗವಾಗಿ ಒತ್ತುವ ಇನ್ನೊಂದು ಕೀಲಿಮಣೆ ಅಷ್ಟೆ. ಯಂತ್ರ ಪೂರ್ತಿ ಎದ್ದಿರದಿದ್ದರೂ ಅದು ಕೆಲಸ ಮಾಡುತ್ತದೆ. ಅವರು ಎಲ್ಲ ಕೀಲಿಗಳನ್ನೂ ಬಾರ್‌ಕೋಡುಗಳಾಗಿ ಬದಲಿಸಿ ಒಂದು ಸರ್ವರಿನ ಪರದೆಯ ಮೇಲೆ ತೋರಿಸುತ್ತ ಹೋದರು. ಸ್ಕ್ಯಾನರ್ ಒಂದೊಂದಾಗಿ ಯಂತ್ರಗಳ ಬೀಗ ತೆರೆಯಿತು.